ಪರಿಸರಸ್ನೇಹಿ ಮನೆಯ ಕೆಲಸ ಮನೆಯವರೆಲ್ಲರದ್ದಾಗಲಿ

ಮಾನ್ಯ ಸಂಪಾದಕರೇ,

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರವಾದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಪರಿಸರಸ್ನೇಹಿ ಕುಟುಂಬ ಜೀವನವನ್ನು ಕುರಿತ ಲೇಖನಗಳು ಬರುವುದು ವಾಡಿಕೆಯಾಗಿದೆ. ಬಿದಿರಿನ ಬ್ರಷ್, ತಾಮ್ರದ ಬಾಟಲಿ, ಸೆಣಬಿನ ಚೀಲ, ಸ್ಟೀಲಿನ ಸ್ಟ್ರಾ ಮುಂತಾದ ವಸ್ತುಗಳ ವಿವರ ಅವುಗಳಲ್ಲಿ ಧಾರಾಳವಾಗಿರುತ್ತದೆ. ಆದರೆ ಮನೆಯೊಳಗೆ ಈ ಅಭ್ಯಾಸಗಳು ವರ್ಷಾನುಗಟ್ಟಲೆ ಉಳಿಯಬೇಕಾದರೆ ದಿನದ ಯಾವ ಹೊತ್ತಿನಲ್ಲಿ, ಯಾರು, ಎಷ್ಟು ಕೆಲಸ ಮಾಡಬೇಕಾಗುತ್ತದೆ ಎಂಬುದರ ಪ್ರಸ್ತಾಪ ಮಾತ್ರ ಅಪರೂಪ. ಬೆಂಗಳೂರಿನಲ್ಲಿ ಅತ್ತೆಯವರು, ಪತಿ ಮತ್ತು ಇಬ್ಬರು ಮಕ್ಕಳೊಂದಿಗೆ ಸಂಸಾರ ನಡೆಸುತ್ತ, ಹೊರಗೆ ಉದ್ಯೋಗವನ್ನೂ ಮಾಡುತ್ತಿರುವ ನನಗೆ ಈ ಪ್ರಶ್ನೆಯೇ ಉಳಿದೆಲ್ಲ ಸಲಹೆಗಳಿಗಿಂತ ಮುಖ್ಯವೆಂದು ತೋರುತ್ತದೆ. ಪರಿಸರದ ಕಾಳಜಿಯ ಹೆಸರಿನಲ್ಲಿ ಹೆಚ್ಚುವ ದುಡಿಮೆ ಮನೆಯ ಒಬ್ಬ ಹೆಂಗಸಿನ ಮೇಲೆ ಬಿದ್ದರೆ ಆ ಅಭ್ಯಾಸ ಬಾಳಿಕೆ ಬರುವುದಿಲ್ಲ. ಮಕ್ಕಳು ಅದನ್ನು ತಮ್ಮದೆಂದು ಕಲಿಯುವುದೂ ಇಲ್ಲ. ಈ ಮಾತನ್ನು ತಮ್ಮ ಓದುಗರ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ನಗರದಲ್ಲಿ ಮನೆಯ ಕಸವು ಮನೆಯವರ ವಿಚಾರವಾದದ್ದಕ್ಕೆ ಒಂದು ಹಿನ್ನೆಲೆಯಿದೆ. ಬೆಂಗಳೂರು ತನ್ನ ಕಸವನ್ನು ಬಹುಕಾಲ ಊರ ಹೊರಗಿನ ಹಳ್ಳಿಗಳಲ್ಲಿ ಸುರಿಯುತ್ತ ಬಂದಿತು. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ತಾಣ ಮುಚ್ಚಿದಾಗ ಬೀದಿಗಳಲ್ಲಿ ಕಸದ ರಾಶಿಗಳು ಬೆಳೆದದ್ದನ್ನು ಹಲವರು ಇನ್ನೂ ಮರೆತಿರಲಾರರು. ಆ ಬಳಿಕ ಭಾರ ಹೊತ್ತ ಮಂಡೂರಿನ ಜನ ದುರ್ನಾತ, ನೊಣ, ಕೆಟ್ಟುಹೋದ ಅಂತರ್ಜಲ ಇವುಗಳಿಂದ ಬೇಸತ್ತು 2014ರಲ್ಲಿ ರಸ್ತೆಗಿಳಿದರು. ಅದೇ ವರ್ಷದ ಕೊನೆಗೆ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ಹಸಿ ಕಸಕ್ಕೆ ಹಸಿರು ಡಬ್ಬಿ, ಡಯಾಪರ್ ಮತ್ತು ಸ್ಯಾನಿಟರಿ ಪ್ಯಾಡಿನಂತಹ ತ್ಯಾಜ್ಯಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೊಂದು ಚೀಲ ಎಂಬ ಪದ್ಧತಿಯನ್ನು ಪಾಲಿಸುವಂತೆ ಆದೇಶಿಸಿತು. ನಮ್ಮ ಅಡುಗೆಮನೆಯ ಮೂಲೆಯಲ್ಲಿರುವ ಆ ಎರಡು ಡಬ್ಬಿಗಳು ಮತ್ತು ಒಂದು ಚೀಲದ ಹಿಂದೆ ಇನ್ನೊಂದು ಊರಿನವರು ಅನುಭವಿಸಿದ ಕಷ್ಟವಿದೆ ಎಂಬುದನ್ನು ಮಕ್ಕಳಿಗೆ ಹೇಳಿದ ದಿನದಿಂದ ಕಸ ಬೇರ್ಪಡಿಸುವ ಬಗ್ಗೆ ನಮ್ಮ ಮನೆಯಲ್ಲಿ ವಾದ ನಡೆದಿಲ್ಲ. ಕಾರಣ ತಿಳಿದ ಮಗು ಗದರಿಕೆಗೆ ಕಾಯುವುದಿಲ್ಲ ಎಂಬುದು ನನ್ನ ನಂಬಿಕೆ.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿ ಕಸವೇ. ಗಾಳಿಯಾಡದ ರಾಶಿಯಲ್ಲಿ ಅದು ಕೊಳೆತಾಗ ಮೀಥೇನ್ ಉಂಟಾಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಅದೇ ಸಿಪ್ಪೆ, ಅದೇ ಸೊಪ್ಪಿನ ದಂಟು ಗಾಳಿಯಾಡುವ ಪಾತ್ರೆಯಲ್ಲಿ ಕೊಳೆತರೆ ಗೊಬ್ಬರವಾಗುತ್ತದೆ. ಆದ್ದರಿಂದ ಒಂದು ಕುಟುಂಬ ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳುವುದಾದರೆ ಅದು ಮನೆಯಲ್ಲೇ ಗೊಬ್ಬರ ಮಾಡುವುದಾಗಿರಲಿ ಎನ್ನುತ್ತೇನೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಬದಿಗಳಲ್ಲಿ ತೂತು ಕೊರೆದ ಹಳೆಯ ಪ್ಲಾಸ್ಟಿಕ್ ಡ್ರಮ್ಮೋ ಕುಂಬಾರರ ಮಡಕೆಯೋ ಸಾಕು. ತಳದಲ್ಲಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಹರಡಿ, ಅದರ ಮೇಲೆ ದಿನದ ಹಸಿ ಕಸವನ್ನು ಹಾಕಿ, ಮತ್ತೆ ಒಣ ಎಲೆಯಿಂದ ಮುಚ್ಚಿ, ಮೊದಮೊದಲು ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೆಲಸ ಆರಂಭವಾಗುತ್ತದೆ. ವಾರಕ್ಕೊಮ್ಮೆಯಾದರೂ ಕೋಲಿನಿಂದ ಮೇಲೆ ಕೆಳಗೆ ಮಾಡಬೇಕು.

ಗೊಬ್ಬರದ ಡಬ್ಬಿಯನ್ನು ಕೈಬಿಟ್ಟವರಲ್ಲಿ ಹೆಚ್ಚಿನವರು ವಾಸನೆ ಮತ್ತು ಹುಳುಗಳ ಕಾರಣವನ್ನೇ ಹೇಳುತ್ತಾರೆ. ವಾಸನೆ ಬಂದರೆ ಒಳಗೆ ತೇವ ಹೆಚ್ಚಾಗಿದೆ, ಗಾಳಿ ಸಾಲದಾಗಿದೆ ಎಂದರ್ಥ. ಇನ್ನಷ್ಟು ಒಣ ಎಲೆ ಸೇರಿಸಿ ಕೆದಕಿದರೆ ಒಂದೆರಡು ದಿನಗಳಲ್ಲಿ ಅದು ತಗ್ಗುತ್ತದೆ. ಬೂದುಬಣ್ಣದ ದಪ್ಪ ಹುಳುಗಳು ಕಾಣಿಸಿಕೊಂಡರೆ ಗಾಬರಿಪಡಬೇಕಿಲ್ಲ. ಅವು ಕಪ್ಪು ಸೈನಿಕ ನೊಣದ ಮರಿಹುಳುಗಳಾಗಿದ್ದು, ಕಸವನ್ನು ಬೇಗ ಅರಗಿಸಿ ಹೋಗುತ್ತವೆ, ಮನುಷ್ಯರಿಗೆ ತೊಂದರೆ ಕೊಡುವುದಿಲ್ಲ. ಒಣ ಎಲೆಗಳಿಗಂತೂ ಬೆಂಗಳೂರಿನಲ್ಲಿ ಬರವಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಹೊಂಗೆ, ಮಳೆಮರಗಳು ಎಲೆ ಉದುರಿಸಿದಾಗ ಎಷ್ಟೋ ಬಡಾವಣೆಗಳಲ್ಲಿ ಅವನ್ನು ಗುಡಿಸಿ ರಸ್ತೆ ಬದಿಯಲ್ಲೇ ಸುಡಲಾಗುತ್ತದೆ. ಗೊಬ್ಬರಕ್ಕೆ ಬೇಕಾದ ಅತಿ ಮುಖ್ಯ ಸಾಮಗ್ರಿಯೇ ಹೀಗೆ ಹೊಗೆಯಾಗಿ ಮಕ್ಕಳ ಶ್ವಾಸಕೋಶ ಸೇರುವುದನ್ನು ನೋಡಿದಾಗ ಮನಸ್ಸಿಗೆ ಬಹಳ ನೋವಾಗುತ್ತದೆ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಗೋಣಿಚೀಲಗಳಲ್ಲಿ ಎಲೆ ತುಂಬಿಟ್ಟು ವರ್ಷವಿಡೀ ಬಳಸುವುದು ಮಗನ ಜವಾಬ್ದಾರಿ. ಅವನು ಅದನ್ನು ಅಮ್ಮನಿಗೆ ಮಾಡುವ ಸಹಾಯವೆಂದು ಭಾವಿಸಿಲ್ಲ. ಅದು ಅವನ ಕೆಲಸ. ಅವನು ಪರೀಕ್ಷೆಯ ದಿನಗಳಲ್ಲಿ ಮಾಡಲಾಗದಿದ್ದರೆ ಅವನ ತಂದೆಯವರು ಮಾಡುತ್ತಾರೆ.

ಇನ್ನು ಕೂಸುಗಳ ವಿಚಾರ. ಕೆಂಪು ಡಬ್ಬಿಗೆ ಬೀಳುವ ತ್ಯಾಜ್ಯದಲ್ಲಿ ಬಳಸಿ ಬಿಸಾಡುವ ಡಯಾಪರ್‌ಗಳ ಪಾಲು ದೊಡ್ಡದು. ದಿನಕ್ಕೆ ಐದರಂತೆ ಹಿಡಿದರೂ ಎರಡು ವರ್ಷಗಳಲ್ಲಿ ಒಂದು ಮಗುವಿಗೆ 3,650 ಡಯಾಪರ್‌ಗಳಾಗುತ್ತವೆ. ಮರದ ತಿರುಳು, ಪ್ಲಾಸ್ಟಿಕ್ ಹಾಳೆ, ತೇವ ಹೀರುವ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರುವ ಈ ವಸ್ತುವನ್ನು ಮರುಬಳಕೆಗೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಮಲದ ಸಮೇತ ಸುತ್ತಿ ಎಸೆದ ಡಯಾಪರನ್ನು ಕೊನೆಗೆ ಕೈಯಲ್ಲಿ ಮುಟ್ಟುವವರು ಪೌರಕಾರ್ಮಿಕರು. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಸಂಗತಿಯೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ತ್ಯಾಜ್ಯವನ್ನು ಭದ್ರವಾಗಿ ಸುತ್ತಿಯೇ ಕೊಡಬೇಕೆಂದು ವಿಧಿಸಿದ್ದರೂ ಅದನ್ನು ಪಾಲಿಸುವ ಮನೆಗಳು ಸಾಕಷ್ಟಿಲ್ಲ.

ನಮ್ಮ ಮಕ್ಕಳು ಕೂಸುಗಳಾಗಿದ್ದಾಗ ಅತ್ತೆಯವರು ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಹರಿದು ಮಡಿಸಿ ಲಂಗೋಟಿಗಳನ್ನು ಮಾಡಿಕೊಟ್ಟರು. ಬಟ್ಟೆಯದೆಂದ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲೂ ಅದು ಪರಿಸರಕ್ಕೆ ಹಿತವೇ ಎಂದು ಹೇಳಲಾಗದು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಬಟ್ಟೆಯ ಲಂಗೋಟಿಗಳನ್ನು ಹೆಚ್ಚು ಬಿಸಿಯ ನೀರಿನಲ್ಲಿ ಒಗೆದು ವಿದ್ಯುತ್ ಯಂತ್ರದಲ್ಲಿ ಒಣಗಿಸಿದರೆ ಅವುಗಳಿಂದಾಗುವ ಇಂಗಾಲದ ಹೊರಸೂಸುವಿಕೆ ಬಿಸಾಡುವ ಡಯಾಪರ್‌ಗಳಿಗಿಂತ ಹೆಚ್ಚಾಗಬಹುದೆಂದು ತೋರಿಸಿತು. ಯಂತ್ರ ತುಂಬುವಷ್ಟು ಬಟ್ಟೆ ಸೇರಿದ ಮೇಲೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅವನ್ನೇ ಬಳಸಿದರೆ ಆ ಹೊರೆ ಗಣನೀಯವಾಗಿ ಇಳಿಯುತ್ತದೆ ಎಂದೂ ಅದೇ ಅಧ್ಯಯನ ಹೇಳಿತು. ನಮ್ಮಲ್ಲಿ ಬಿಸಿಲು ಧಾರಾಳವಾಗಿದೆ, ಬಟ್ಟೆ ಒಣಗಿಸುವ ಯಂತ್ರ ಬಹುತೇಕ ಮನೆಗಳಲ್ಲಿ ಇಲ್ಲ, ಅಕ್ಕನ ಮಗುವಿನ ಬಟ್ಟೆ ತಂಗಿಯ ಮಗುವಿಗೆ ಬರುವ ರೂಢಿ ಇನ್ನೂ ಇದೆ. ಆದ್ದರಿಂದ ಆ ಅಧ್ಯಯನ ಸೂಚಿಸಿದ ಒಳ್ಳೆಯ ಮಾರ್ಗವು ನಮಗೆ ಸಹಜವಾಗಿಯೇ ಒದಗಿಬಂದಿದೆ.

ಹೀಗೆಂದು ಬಟ್ಟೆ ಬಳಸದ ತಾಯಂದಿರನ್ನು ದೂಷಿಸುವುದು ಸರ್ವಥಾ ಸಲ್ಲದು. ಹಡೆದ ಆರು ತಿಂಗಳಿಗೆ ಕೆಲಸಕ್ಕೆ ಮರಳಬೇಕಾದ, ಮನೆಯಲ್ಲಿ ಹಿರಿಯರ ಆಸರೆಯಿಲ್ಲದ, ನೀರಿನ ಟ್ಯಾಂಕರ್‌ಗೆ ಕಾಯುವ ತಾಯಿಗೆ ದಿನವೂ ಹತ್ತಾರು ಲಂಗೋಟಿ ಒಗೆಯಬೇಕೆಂದು ಉಪದೇಶಿಸುವವರು ಮೊದಲು ಆ ಬಟ್ಟೆಗಳನ್ನು ಒಗೆಯಲು ಮುಂದಾಗಬೇಕು. ನಮ್ಮ ಮನೆಯಲ್ಲಿ ರಾತ್ರಿ ನೆನೆಹಾಕಿದ ಬಟ್ಟೆಗಳನ್ನು ಬೆಳಿಗ್ಗೆ ಒಗೆದು ಹರವುತ್ತಿದ್ದವರು ನನ್ನ ಪತಿ. ನೆರೆಯವರು ಇದನ್ನು ಕಂಡು ಆಡಿಕೊಂಡದ್ದೂ ಉಂಟು. ಆದರೆ ಅವರು ಆ ಕೆಲಸವನ್ನು ಬಿಡದಿದ್ದುದರಿಂದಲೇ ನಾವು ಬಟ್ಟೆಯ ಲಂಗೋಟಿಯನ್ನು ಬಳಸಲು ಸಾಧ್ಯವಾಯಿತು. ನನ್ನೊಬ್ಬಳಿಂದ ಅದು ಆಗುತ್ತಿರಲಿಲ್ಲ. ದೂರದ ಪ್ರಯಾಣಕ್ಕೆ ಹೊರಟಾಗ, ಮಗುವಿಗೆ ಮೈ ಸರಿಯಿಲ್ಲದಾಗ ನಾವೂ ಡಯಾಪರ್ ಬಳಸಿದ್ದೇವೆ. ಹತ್ತರಲ್ಲಿ ಎಂಟು ಸಲ ಬಟ್ಟೆ ಬಳಸಿದ ಕುಟುಂಬವೂ ದೊಡ್ಡ ಪ್ರಮಾಣದ ತ್ಯಾಜ್ಯವನ್ನು ತಡೆದಂತೆಯೇ ಸರಿ.

ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸಿದರೆ, ಅದರಲ್ಲಿ ತೊಡಗಿದ ಪುರುಷರು ವ್ಯಯಿಸಿದ್ದು 97 ನಿಮಿಷಗಳನ್ನು. ಮನೆಗೆಲಸದಲ್ಲಿ ತೊಡಗುವ ಪುರುಷರ ಸಂಖ್ಯೆಯೇ ಕಡಿಮೆ ಎಂಬುದು ಬೇರೆ ಮಾತು. ಈಗಾಗಲೇ ಐದು ಗಂಟೆ ದುಡಿಯುತ್ತಿರುವವಳ ಮೇಲೆ ಕಸ ಬೇರ್ಪಡಿಸುವುದು, ಹಾಲಿನ ಪ್ಯಾಕೆಟ್ ತೊಳೆದು ಒಣಗಿಸುವುದು, ಸೀಗೆಕಾಯಿ ಪುಡಿ ಮಾಡಿಸುವುದು, ಡಬ್ಬಿಗಳನ್ನು ಹೊತ್ತು ಅಂಗಡಿಗೆ ಹೋಗುವುದು, ಲಂಗೋಟಿ ಒಗೆಯುವುದು ಎಂಬ ಹೊಸ ಕೆಲಸಗಳನ್ನು ಹೇರಿ, ಅದನ್ನು ಸರಳ ಜೀವನವೆಂದು ಕರೆಯುವುದು ನ್ಯಾಯವಲ್ಲ. ಇವೆಲ್ಲ ಅಗತ್ಯವಾದ ಕೆಲಸಗಳೇ; ಅವನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು ಎನ್ನುವುದಷ್ಟೇ ನನ್ನ ವಾದ. ಸಂಜೆ ಪತಿ ಮತ್ತು ಮಗ ಪಾತ್ರೆ ತೊಳೆಯುವ ಮನೆಯಲ್ಲಿ ಕಾಗದದ ತಟ್ಟೆ ತರೋಣ ಎಂಬ ಮಾತು ಏಳುವುದೇ ಇಲ್ಲ. ಬಿಸಾಡುವ ವಸ್ತುಗಳ ಮಾರುಕಟ್ಟೆ ಬೆಳೆದದ್ದು ಮನೆಯ ಹೆಂಗಸಿನ ಆಯಾಸವನ್ನು ಆಧರಿಸಿಯೇ. ಆ ಆಯಾಸವನ್ನು ಕಡಿಮೆ ಮಾಡಿದರೆ ಆ ವಸ್ತುಗಳ ಅಗತ್ಯವೂ ತಾನಾಗಿ ಕಡಿಮೆಯಾಗುತ್ತದೆ.

ನೀರಿನ ಬಗ್ಗೆ ಬೆಂಗಳೂರಿನ ಮಕ್ಕಳಿಗೆ ತಿಳಿಸಬೇಕಾದದ್ದು ಬಹಳಷ್ಟಿದೆ. ನಮ್ಮ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಮೂಲಕ ಏರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೇರಿಸಲು ಶಾಲೆಯಲ್ಲಿ ಕಲಿಸುವ ಭೌತವಿಜ್ಞಾನದ ಸೂತ್ರದಂತೆ ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪು ಮತ್ತು ಕೊಳವೆಗಳಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಈ ಲೆಕ್ಕವನ್ನು ಮಗಳೇ ಮಾಡಿ ತೋರಿಸಿದ ಮೇಲೆ ನಮ್ಮ ಮನೆಯಲ್ಲಿ ಷವರ್ ಬಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡುವುದು ನಿಯಮವಾಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಲು ತೀರ್ಮಾನಿಸಿದಾಗ ನಗರಕ್ಕೆಲ್ಲ ನೀರಿನ ನೆನಪಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಆರಂಭವಾಯಿತು. ನೀರು ಬಂತೆಂದು ಆ ಬೇಸಿಗೆಯಲ್ಲಿ ಕಲಿತದ್ದನ್ನು ಬಿಟ್ಟುಬಿಡಬಾರದು. ಅಕ್ಕಿ, ಬೇಳೆ ತೊಳೆದ ನೀರು ಗಿಡಗಳಿಗೆ ಹೋಗಲಿ. ಮನೆಗಳಲ್ಲಿ ಬಳಸುವ ಆರ್‌ಒ ಯಂತ್ರಗಳು ಶುದ್ಧ ಮಾಡಿಕೊಡುವುದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತವೆ; ಕಾವೇರಿ ನೀರಿನಲ್ಲಿ ಲವಣಾಂಶ ಕಡಿಮೆಯಿರುವುದರಿಂದ ಅದಕ್ಕೆ ಇಂತಹ ಯಂತ್ರ ಬೇಕೇ ಎಂದು ಯೋಚಿಸಬೇಕು, ಕೊಳವೆಬಾವಿಯ ಗಡಸು ನೀರಿಗೆ ಯಂತ್ರ ಅನಿವಾರ್ಯವಾದಲ್ಲಿ ಹೊರಬರುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಬೇಕು. ಮಳೆನೀರಿನ ಕೊಯ್ಲನ್ನು ನಗರದಲ್ಲಿ 2009ರಿಂದಲೇ ಕಾನೂನು ಕಡ್ಡಾಯ ಮಾಡಿದೆ. ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 1,200 ಚದರಡಿಯ ಚಾವಣಿಯ ಮೇಲೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ.

ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದು, 2015ರಲ್ಲೂ 2017ರಲ್ಲೂ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದು ದೇಶವೇ ಬೆರಗಾಗಿ ನೋಡಿದ ಘಟನೆ. ಸಂಸ್ಕರಣೆಯಾಗದ ಕೊಳಚೆ ನೀರಿನೊಂದಿಗೆ ನಮ್ಮೆಲ್ಲರ ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಯಂತ್ರಗಳಿಂದ ಹರಿದುಹೋದ ಡಿಟರ್ಜೆಂಟ್ ಆ ನೊರೆಯ ಒಂದು ಮುಖ್ಯ ಕಾರಣ. ಸೀಗೆಕಾಯಿ, ಕಡಲೆಹಿಟ್ಟು, ಹೆಸರುಹಿಟ್ಟು, ಅಂಟುವಾಳದ ಕಾಯಿ ಇವೆಲ್ಲ ನಮ್ಮ ಹಿರಿಯರಿಗೆ ಪರಿಚಿತವಾಗಿದ್ದ ವಸ್ತುಗಳು. ಅಂಟುವಾಳವನ್ನು ನೆನೆಸಿ ಕುದಿಸಿ ಸೋಸಿದ ನೀರಿನಲ್ಲಿ ರೇಷ್ಮೆ, ಉಣ್ಣೆ ಮತ್ತು ಮಕ್ಕಳ ಬಟ್ಟೆಗಳು ಚೆನ್ನಾಗಿ ಶುಚಿಯಾಗುತ್ತವೆ. ಜಿಡ್ಡು ಹಿಡಿದ ಶಾಲೆಯ ಸಮವಸ್ತ್ರಕ್ಕೆ ಅದು ಸಾಲದು ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಕಿತ್ತಳೆ, ನಿಂಬೆಯ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಸೇರಿಸಿ ಮೂರು ತಿಂಗಳು ಹುದುಗಿಸಿದ ದ್ರವದಿಂದ ನೆಲ ಮತ್ತು ಅಡುಗೆಕಟ್ಟೆಯನ್ನು ಒರೆಸಬಹುದು. ಮೊದಲ ತಿಂಗಳು ಮುಚ್ಚಳವನ್ನು ದಿನಕ್ಕೊಮ್ಮೆ ಸಡಿಲಿಸಿ ಅನಿಲವನ್ನು ಹೊರಬಿಡದಿದ್ದರೆ ಬಾಟಲಿ ಸಿಡಿಯುವ ಅಪಾಯವಿದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಎಚ್ಚರ ಅಗತ್ಯ. ಇದಾವುದೂ ಆಗದವರು ಡಿಟರ್ಜೆಂಟಿನ ಅಳತೆಯನ್ನು ಅರ್ಧಕ್ಕಿಳಿಸಿ ನೋಡಬಹುದು. ಬಟ್ಟೆ ಬಹುಮಟ್ಟಿಗೆ ಅಷ್ಟೇ ಶುಚಿಯಾಗುತ್ತದೆ.

ಹೆಣ್ಣುಮಕ್ಕಳು ಬೆಳೆದಂತೆ ಮುಟ್ಟಿನ ದಿನಗಳ ವಿಚಾರವೂ ಮನೆಯಲ್ಲಿ ಸಂಕೋಚವಿಲ್ಲದೆ ಮಾತಿಗೆ ಬರಬೇಕು. ರಾಜ್ಯ ಸರ್ಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಯರಿಗೆ ಬಿಸಾಡುವ ಪ್ಯಾಡಿನ ಬದಲು ತೊಳೆದು ಮತ್ತೆ ಮತ್ತೆ ಬಳಸಬಹುದಾದ ಮುಟ್ಟಿನ ಕಪ್ ವಿತರಿಸಲು ಮುಂದಾದದ್ದು ಸ್ವಾಗತಾರ್ಹ. ಯಾವುದನ್ನು ಬಳಸಬೇಕೆಂಬ ತೀರ್ಮಾನ ಮಾತ್ರ ಆಯಾ ಹುಡುಗಿಯದೇ ಆಗಿರಬೇಕು.

ಪ್ಲಾಸ್ಟಿಕ್ ಕುರಿತು ಕಾನೂನುಗಳಿಗೆ ಕೊರತೆಯಿಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲಿಯೇ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೂ ಸೊಪ್ಪಿನ ಗಾಡಿಯ ಮುಂದೆ ನಿಂತು ಬರಿಗೈ ಚಾಚುವ ಗ್ರಾಹಕರಿರುವವರೆಗೆ ಗಾಡಿಯವರು ಚೀಲ ಇಟ್ಟುಕೊಳ್ಳದೆ ವಿಧಿಯಿಲ್ಲ. ಬಾಗಿಲ ಹಿಂದಿನ ಮೊಳೆಗೆ ಬಟ್ಟೆ ಚೀಲ ತೂಗುಹಾಕುವುದು, ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೊಂದನ್ನು ಇಡುವುದು ಸಣ್ಣ ಏರ್ಪಾಡು. ದಿನಸಿಯನ್ನು ನಾವು ಬಿಡಿಯಾಗಿ ತೂಗಿಕೊಡುವ ಹಳೆಯ ಅಂಗಡಿಯಿಂದಲೇ ತರುತ್ತೇವೆ. ಎಣ್ಣೆಗೆ ಗಾಣದವರಲ್ಲಿಗೆ ಕ್ಯಾನು ಒಯ್ಯುತ್ತೇವೆ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ತುಂಡು ಬೇರೆಯಾಗದಂತೆ ಉಳಿಸಿಕೊಂಡರೆ ಇಡೀ ಪ್ಯಾಕೆಟ್ ಮರುಬಳಕೆಗೆ ಹೋಗುತ್ತದೆ. ಬೇರೆಯಾದ ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ತೊಳೆದು ಒಣಗಿಸಿಟ್ಟ ಪ್ಯಾಕೆಟ್ಟುಗಳನ್ನು ಗುಜರಿ ಅಂಗಡಿಯವರು ಹಣ ಕೊಟ್ಟು ಕೊಳ್ಳುತ್ತಾರೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳನ್ನು ಅವರು ಮುಟ್ಟುವುದಿಲ್ಲ, ಏಕೆಂದರೆ ಪದರ ಪದರವಾಗಿ ಅಂಟಿಸಿದ ಆ ಹಾಳೆಗಳಿಗೆ ಬೆಲೆಯಿಲ್ಲ. ಗುಜರಿಯವರು ಏನನ್ನು ಕೊಳ್ಳುತ್ತಾರೆ, ಏನನ್ನು ತಳ್ಳಿಹಾಕುತ್ತಾರೆ ಎಂಬುದನ್ನು ಮಕ್ಕಳು ಒಮ್ಮೆ ನಿಂತು ನೋಡಿದರೆ ಅಂಗಡಿಯಲ್ಲಿ ಏನು ಆರಿಸಿಕೊಳ್ಳಬೇಕೆಂಬುದು ಅವರಿಗೇ ತಿಳಿಯುತ್ತದೆ. ತಿಂಡಿಯ ಡಬ್ಬಿಗೆ ಅವಲಕ್ಕಿ, ಚಕ್ಕುಲಿ, ಹುರಿದ ಕಡಲೆಕಾಯಿ ಬೀಜ, ಬಾಳೆಹಣ್ಣು ಬಂದದ್ದು ನಮ್ಮ ಮನೆಯಲ್ಲಿ ಆ ನಂತರವೇ. ಮಳೆಯಾಶ್ರಯದಲ್ಲೇ ಬೆಳೆಯುವ ರಾಗಿ ವಾರದಲ್ಲಿ ಕೆಲವು ದಿನ ಅನ್ನದ ಜಾಗಕ್ಕೆ ಬಂದರೆ ನೀರಿನ ದೃಷ್ಟಿಯಿಂದಲೂ ಒಳ್ಳೆಯದೇ.

ಕುಟುಂಬದ ನಿಶ್ಚಯವನ್ನು ಹೆಚ್ಚು ಪರೀಕ್ಷೆಗೆ ಒಡ್ಡುವುದು ಮಕ್ಕಳ ಹುಟ್ಟುಹಬ್ಬ. ಬೇರೆ ಮಕ್ಕಳ ಮನೆಯಲ್ಲಿ ಬಲೂನಿನ ಕಮಾನು, ಥರ್ಮೋಕೋಲ್ ಅಲಂಕಾರ, ಬಂದವರಿಗೆಲ್ಲ ಪ್ಲಾಸ್ಟಿಕ್ ಆಟಿಕೆಯ ಉಡುಗೊರೆ ಇರುವಾಗ ತನ್ನ ಮನೆಯಲ್ಲಿ ಅವಾವುದೂ ಇಲ್ಲವೆಂದರೆ ಆರು ವರ್ಷದ ಮಗುವಿಗೆ ದುಃಖವಾಗುವುದು ಸಹಜ. ಆ ದುಃಖವನ್ನು ದೊಡ್ಡವರು ಲಘುವಾಗಿ ಕಾಣಬಾರದು. ಬೇಡವೆಂದು ಹೇಳುವ ಮೊದಲು ಅದರ ಬದಲಿಗೆ ಏನು ಎಂಬುದನ್ನು ಮಗುವಿನ ಜೊತೆ ಕೂತು ಯೋಚಿಸಬೇಕು. ಮಾವಿನ ತೋರಣ, ಹಳೆಯ ಸೀರೆಯ ಪರದೆ, ಮಕ್ಕಳೇ ಬಣ್ಣದ ಕಾಗದ ಕತ್ತರಿಸಿ ಮಾಡಿದ ಮಾಲೆ, ಬಂದವರಿಗೆ ಒಂದೊಂದು ತುಳಸಿ ಅಥವಾ ದೊಡ್ಡಪತ್ರೆ ಸಸಿ, ನಮ್ಮ ಮನೆಯಲ್ಲಿ ಇವು ರೂಢಿಗೆ ಬಂದಿವೆ. ಊಟಕ್ಕೆ ಬಾಳೆಲೆ, ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಇದೆ. ನೆರೆಹೊರೆಯ ನಾಲ್ಕಾರು ಮನೆಯವರು ಸೇರಿ ಸ್ಟೀಲ್ ತಟ್ಟೆ, ಲೋಟಗಳನ್ನು ಕೊಂಡಿಟ್ಟುಕೊಂಡರೆ ಎಲ್ಲರ ಸಮಾರಂಭಗಳಿಗೂ ಒದಗುತ್ತವೆ. ತಟ್ಟೆಗಳನ್ನು ತೊಳೆಯಲು ಮನೆಯ ಗಂಡಸರೂ ನಿಲ್ಲುತ್ತಾರೆಂದು ಮೊದಲೇ ಮಾತಾಗಿರಬೇಕು, ಇಲ್ಲವಾದರೆ ಎರಡನೆಯ ಸಮಾರಂಭಕ್ಕೆ ಆ ತಟ್ಟೆಗಳು ಅಟ್ಟದಿಂದ ಇಳಿಯುವುದಿಲ್ಲ. ಗಣೇಶನ ಹಬ್ಬಕ್ಕೆ ಬಣ್ಣವಿಲ್ಲದ ಜೇಡಿಮಣ್ಣಿನ ಮೂರ್ತಿಯನ್ನು ತಂದು ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸಿ ಆ ಮಣ್ಣನ್ನು ಗಿಡಗಳಿಗೆ ಹಾಕುವುದು ಈಗ ಹಲವು ಮನೆಗಳಲ್ಲಿ ಬಂದಿರುವುದು ಸಂತೋಷದ ಸಂಗತಿ.

ಬಟ್ಟೆಗಳ ವಿಚಾರದಲ್ಲಿ ಉತ್ತರ ಕರ್ನಾಟಕದ ಮನೆಗಳಿಂದ ಕಲಿಯಬೇಕಾದದ್ದು ಬಹಳ. ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಹಳೆಯ ಸೀರೆ, ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ ಯಾವುದನ್ನೂ ಅವರು ಎಸೆಯಲು ಬಿಡುವುದಿಲ್ಲ. ತುಂಡುಗಳನ್ನು ಪದರವಾಗಿ ಜೋಡಿಸಿ ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಿ ಅವರು ಮಾಡಿದ ಕೌದಿಗಳನ್ನೇ ನಮ್ಮ ಮಕ್ಕಳು ಹೊದೆಯುವುದು. ಯಾವ ತುಂಡು ಯಾರ ಸೀರೆಯದು, ಯಾವುದು ಅಜ್ಜನ ಧೋತರದ್ದು ಎಂದು ಮಗಳು ಗುರುತಿಸಬಲ್ಲಳು. ಈಗ ಮೊಮ್ಮಗ, ಮೊಮ್ಮಗಳು ಇಬ್ಬರಿಗೂ ಅವರು ಸೂಜಿ ಹಿಡಿಯುವುದನ್ನು ಕಲಿಸುತ್ತಿದ್ದಾರೆ. ಕಿತ್ತ ಗುಂಡಿಯನ್ನು ತಾನೇ ಹಾಕಿಕೊಳ್ಳಬಲ್ಲ ಹುಡುಗ ಅಂಗಿಯನ್ನು ಬೇಗ ಬಿಸಾಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮನೆಯವರ ಪ್ರಯತ್ನಕ್ಕೆ ಒಂದು ಮಿತಿಯಿದೆ ಎಂಬುದನ್ನು ಮರೆಯಲಾಗದು. ಮೂರು ಭಾಗವಾಗಿ ಬೇರ್ಪಡಿಸಿ ಕೊಟ್ಟ ಕಸ ಒಂದೇ ಗಾಡಿಯಲ್ಲಿ ಬೆರೆಯುವುದನ್ನು ಕಣ್ಣಾರೆ ಕಂಡ ಮಗುವಿಗೆ ಯಾವ ತಾಯಿ ತಂದೆಯೂ ಸಮಾಧಾನ ಹೇಳಲಾರರು. ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರಲ್ಲಿ ಕೆಲವು ವಿನಂತಿಗಳನ್ನು ಮಾಡಿಕೊಳ್ಳುತ್ತೇನೆ. ಎಲೆ ಉದುರುವ ತಿಂಗಳುಗಳಲ್ಲಿ ಪ್ರತಿ ಬಡಾವಣೆಯ ಉದ್ಯಾನದಲ್ಲಿ ಒಣ ಎಲೆ ಸಂಗ್ರಹಿಸುವ ತಂತಿಬಲೆಯ ಗೂಡುಗಳನ್ನು ಇಟ್ಟು, ಬೇಕಾದವರು ಗೊಬ್ಬರಕ್ಕೆ ಒಯ್ಯಲು ಅವಕಾಶ ಮಾಡಿಕೊಡಬೇಕು ಮತ್ತು ಎಲೆ ಸುಡುವುದನ್ನು ಪೂರ್ತಿ ನಿಲ್ಲಿಸಬೇಕು. ಶಾಲೆಗಳು ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಕಡ್ಡಾಯವೆನ್ನುವುದನ್ನು ಬಿಡಬೇಕು, ತರಗತಿಯ ಕಸ ಬೇರ್ಪಡಿಸುವ ಕೆಲಸವನ್ನು ಹುಡುಗರಿಗೂ ಹುಡುಗಿಯರಿಗೂ ಸರದಿಯಂತೆ ವಹಿಸಬೇಕು. ಒಣ ಕಸವನ್ನು ಯಾವ ವಾರ, ಎಷ್ಟು ಹೊತ್ತಿಗೆ ಒಯ್ಯಲಾಗುವುದು ಎಂಬ ವೇಳಾಪಟ್ಟಿಯನ್ನು ವಾರ್ಡುವಾರು ತಮ್ಮ ಪತ್ರಿಕೆ ತಿಂಗಳಿಗೊಮ್ಮೆಯಾದರೂ ಪ್ರಕಟಿಸಿದರೆ ಓದುಗರಿಗೆ ಬಹಳ ಉಪಕಾರವಾಗುತ್ತದೆ. ಕಸದ ಗಾಡಿ ಬರುವ ಬೆಳಗಿನ ಹೊತ್ತಿನಲ್ಲೇ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಡುವ ಮನೆಗಳು ಸಾವಿರಾರಿವೆ. ಗಾಡಿ ತಪ್ಪಿದಾಗ ಕಸದ ಚೀಲ ಖಾಲಿ ನಿವೇಶನದ ಪಾಲಾಗುವುದು ಇಂತಹ ಸಂದರ್ಭಗಳಲ್ಲೇ. ವಾರದಲ್ಲಿ ಎರಡು ದಿನವಾದರೂ ಸಂಜೆ ಏಳರ ನಂತರ, ಪೌರಕಾರ್ಮಿಕರಿಗೆ ಅದಕ್ಕೆ ತಕ್ಕ ಹೆಚ್ಚುವರಿ ವೇತನ ಮತ್ತು ಕೈಗವಸುಗಳ ಸಮೇತ, ಗಾಡಿ ಕಳುಹಿಸುವ ಏರ್ಪಾಡನ್ನು ಪಾಲಿಕೆಯವರು ಮೊದಲು ಕೆಲವು ವಾರ್ಡುಗಳಲ್ಲಿ ಪ್ರಯೋಗಿಸಿ ನೋಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ
ಬೆಂಗಳೂರು